ಕಾರಣ ಆಮೇಲೆ ನೋಡೋಣ ಅನ್ನಬಹುದೇ?

ಇಬ್ಬರೂ ಶಿರಸಿ ಸೀಮೆಯವರು. ಒಬ್ಬರು ಅಡಿಕೆ ತೋಟ ಮಾಡಿಕೊಂಡೇ ಅರವತ್ತು ದಾಟಿದವರು. ಇನ್ನೊಬ್ಬಳು ಅವರ ತಂಗಿಯ ಮಗಳು, ಕಾಲೇಜಿನಲ್ಲಿ ಭೌತವಿಜ್ಞಾನ ಕಲಿಸುವವಳು. ಅಡಿಕೆಯ ಕೊಳೆರೋಗಕ್ಕೆ ಎರಡನೇ ಸಲದ ಮದ್ದು ಹೊಡೆಯಲು ಹೊಳವು (ಮಳೆಯ ಬಿಡುವು) ಸಿಗದೆ ಊರೆಲ್ಲ ಆಕಾಶ ನೋಡುತ್ತಿದ್ದ ದಿನಗಳಲ್ಲಿ ಈ ಮಾತು ನಡೆಯಿತು. ಹವಾಮಾನದ ವಿಷಯಕ್ಕೆ ನಮ್ಮ ಹಳ್ಳಿಗಳಲ್ಲಿ ಈಗ ಹೆಚ್ಚಾಗಿ ಕೇಳಿಬರುವುದು ‘ಕಾರಣ ಆಮೇಲೆ ನೋಡೋಣ’ ಎಂದು ಮಾವ ಆಡಿದಂಥ ಮಾತು. ಅದನ್ನು ತಳ್ಳಿಹಾಕುವಂತಿಲ್ಲ, ಹಾಗೇ ಒಪ್ಪಿಕೊಂಡು ಸುಮ್ಮನಾಗುವಂತೆಯೂ ಇಲ್ಲ ಎಂಬುದು ನನ್ನ ಅಭಿಪ್ರಾಯ. ಅದಕ್ಕಾಗಿ ಇದನ್ನು ಬರೆದಿದ್ದೇನೆ.

ಮಾವ: ಮೊದಲ ಮದ್ದು ಹೊಡೆದು ನಲವತ್ತೈದು ದಿನ ಆಗ್ತಾ ಬಂತು. ಎರಡನೇದಕ್ಕೆ ಒಂದು ದಿನ ಹೊಳವು ಬೇಕು, ಸಿಗ್ತಿಲ್ಲ. ಮರ ಹತ್ತೋ ಕೊನೆಗೌಡ ಬಂದು ಬಂದು ವಾಪಸ್ ಹೋದ. ನಿನ್ನೆ ಕೆಳಗಿನ ತೋಟಕ್ಕೆ ಇಳಿದರೆ ಮರದ ಬುಡದಲ್ಲೆಲ್ಲ ಹಸಿ ಕಾಯಿ ಉದುರಿದೆ, ತೊಟ್ಟಿನ ಸುತ್ತ ಬಿಳಿ ಬೂಷ್ಟು. ಕೊಳೆ ಹತ್ತಿತು ಅಂತಲೇ ಲೆಕ್ಕ. ಮನೆಗೆ ಬಂದು ಟಿ.ವಿ. ಹಾಕಿದರೆ ಇಬ್ಬರು ಕೂತು ಜಗಳ ಆಡ್ತಿದ್ರು. ಹವಾಮಾನ ಕೆಟ್ಟದ್ದು ಮನುಷ್ಯನಿಂದಲೋ ಸೂರ್ಯನಿಂದಲೋ ಅಂತ. ನನಗೆ ಮೈಯೆಲ್ಲ ಉರಿದುಹೋಯ್ತು. ಯಾರಿಂದಾದರೂ ಆಗಲಿ, ಕೊಳೆ ಬಂದದ್ದು ನನ್ನ ತೋಟಕ್ಕೆ.

ಸೊಸೆ: ಸಿಟ್ಟು ಬರದೆ ಇರುತ್ತಾ ಮಾವ. ಆದರೆ ಆ ಪ್ರಶ್ನೆ ಬೇಡವೇ ಬೇಡ ಅಂತೀರಾ?

ಮಾವ: ಆಮೇಲೆ ನೋಡೋಣ ಅಂತೀನಿ. ಬೋರ್ಡೋ ದ್ರಾವಣ ಬರೋಕೆ ಮೊದಲು ನಮ್ಮ ಅಜ್ಜಂದಿರು ಏನು ಮಾಡ್ತಿದ್ರು? ಕೊಟ್ಟೆ ಕಟ್ಟುತ್ತಿದ್ರು. ಬೇಸಗೆಯಲ್ಲೇ ಹಾಳೆ, ಹುಲ್ಲು ಒಟ್ಟುಮಾಡಿ ಹೆಣೆದು ಇಟ್ಟುಕೊಂಡು, ಮಳೆ ಹಿಡಿಯೋದರೊಳಗೆ ಒಂದೊಂದೇ ಕೊನೆಗೆ ಹೊದಿಸಿ ಬಿಗಿದು ಬರ್ತಿದ್ರು. ಕೊಳೆಗೆ ಕಾರಣ ಏನು ಅಂತ ಅವರಿಗೆ ಗೊತ್ತಿತ್ತಾ? ಶಿಲೀಂಧ್ರ ಅನ್ನೋ ಶಬ್ದವನ್ನೇ ಅವರು ಕೇಳಿದವರಲ್ಲ. ಕೊನೆ ನೆನೆದರೆ ಕೊಳೆಯುತ್ತೆ, ಮುಚ್ಚಿದರೆ ಉಳಿಯುತ್ತೆ, ಅಷ್ಟು ಗೊತ್ತಿತ್ತು. ಅಷ್ಟರಲ್ಲೇ ತೋಟ ಉಳಿಸಿ ನಮ್ಮ ಕೈಗೆ ಕೊಟ್ಟರು. ಈಗ ಎಲೆಚುಕ್ಕೆ ರೋಗ ನೋಡು. ಅದಕ್ಕೂ ಶಿಲೀಂಧ್ರವೇ ಮೂಲ ಅಂದರು. ಇದ್ದಕ್ಕಿದ್ದ ಹಾಗೆ ಇಷ್ಟು ಜೋರಾಗಿ ಯಾಕೆ ಹಬ್ಬಿತು ಅಂದರೆ ಒಬ್ಬೊಬ್ಬರದು ಒಂದೊಂದು ಉತ್ತರ. ಹಾಗಂತ ನಾವು ಕೈಕಟ್ಟಿ ಕೂತಿಲ್ಲ. ಚುಕ್ಕೆ ಬಿದ್ದ ಸೋಗೆ ಕಡಿಸಿ ತೆಗೀತೇವೆ, ಔಷಧಿ ಹೊಡೀತೇವೆ. ಹವಾಮಾನಕ್ಕೂ ಹಾಗೇ ಒಂದು ಕೊಟ್ಟೆ ಕಟ್ಟೋಣ ಅಂತೀನಿ. ಕಾರಣ ಹೇಳಿ ಅಂದಕೂಡಲೇ ಜನ ಎರಡು ಪಂಗಡ ಆಗ್ತಾರೆ, ಕೆಲಸ ನಿಂತೇ ಹೋಗುತ್ತೆ. ಕಾರಣದ ಸುದ್ದಿ ಬಿಟ್ಟರೆ ಎಲ್ಲರೂ ಒಟ್ಟಿಗೆ ಗುದ್ದಲಿ ಹಿಡೀತಾರೆ.

ಸೊಸೆ: ನಿಮ್ಮ ಮಾತಿನ ಅರ್ಧಕ್ಕೆ ನನ್ನದು ಪೂರ್ತಿ ಒಪ್ಪಿಗೆ. ಮೊದಲು ಆ ಅರ್ಧ ಹೇಳಿಬಿಡ್ತೀನಿ. ಕಾರಣ ಕೇಳದೇ ನಾಳೆಯಿಂದಲೇ ಮಾಡಬಹುದಾದ ಕೆಲಸ ನಮ್ಮ ಸುತ್ತ ರಾಶಿ ಬಿದ್ದಿದೆ. ತೋಟಕ್ಕೆ ಸೊಪ್ಪು ತರೋ ಸೊಪ್ಪಿನ ಬೆಟ್ಟವನ್ನೇ ತಗೊಳ್ಳಿ. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆ ತನಕ ಬೆಟ್ಟ ಅಂತ ಬ್ರಿಟಿಷರ ಕಾಲದಲ್ಲೇ ಈ ಜಿಲ್ಲೆಯ ಘಟ್ಟದ ಮೇಲಿನ ಬೆಳೆಗಾರರಿಗೆ ಹಕ್ಕು ಸಿಕ್ಕಿತು. ಇವತ್ತು ಎಷ್ಟು ಬೆಟ್ಟದಲ್ಲಿ ಮರ ಉಳಿದಿದೆ? ಬೋಳು ಬೆಟ್ಟದ ಮೇಲೆ ಬಿದ್ದ ಮಳೆ ಮಣ್ಣನ್ನು ಎಳೆದುಕೊಂಡು ಸೀದಾ ತೋಟಕ್ಕೆ ಇಳಿಯುತ್ತೆ. ಮೇ ತಿಂಗಳು ಬಂದರೆ ಅದೇ ತೋಟದ ಬಾವಿ ಒಣಗುತ್ತೆ. ಬೆಟ್ಟದಲ್ಲಿ ಮರ ಬೆಳೆಸೋದಕ್ಕೆ, ಇಂಗುಗುಂಡಿ ತೋಡೋದಕ್ಕೆ, ಹಳೇ ಕೆರೆಯ ಹೂಳು ತೆಗೆಸೋದಕ್ಕೆ ಯಾವ ವಿಜ್ಞಾನಿಯ ಸಹಿಯೂ ಬೇಡ. ಮಳೆ ಕೆಟ್ಟದ್ದು ಯಾರಿಂದಲೇ ಆಗಿರಲಿ, ಈ ಕೆಲಸ ನಷ್ಟದ್ದಲ್ಲ.

ಮಾವ: ನಾನು ಹೇಳಿದ್ದೂ ಅದೇ ತಾನೆ. ವಿಮೆ ಕಂಪನಿಯವನೂ ಕಾರಣ ಕೇಳೋದಿಲ್ಲ. ಪಂಚಾಯ್ತಿಯ ಮಳೆಮಾಪಕ ಎಷ್ಟು ತೋರಿಸಿದೆ ಅಂತ ನೋಡ್ತಾನೆ, ಅಷ್ಟೇ. ಆ ಮಾಪಕ ಕೆಟ್ಟು ಕೂತರೆ ನಮ್ಮ ಗತಿ ಏನು ಅನ್ನೋದು ಬೇರೆ ಮಾತು. ಆ ಗೋಳು ಅನುಭವಿಸಿದವರಿಗೇ ಗೊತ್ತು.

ಸೊಸೆ: ವಿಮೆಯ ಸುದ್ದಿ ನೀವೇ ಎತ್ತಿದ್ದು ಒಳ್ಳೇದಾಯ್ತು. ಅಡಿಕೆಗೂ ಕಾಳುಮೆಣಸಿಗೂ ನಮ್ಮಲ್ಲಿರೋದು ಹವಾಮಾನ ಆಧಾರಿತ ವಿಮೆ. ತೋಟಗಾರಿಕೆ ಬೆಳೆಗೆ ರೈತ ಕಟ್ಟೋದು ವಿಮಾ ಮೊತ್ತದ ನೂರಕ್ಕೆ 5 ಮಾತ್ರ. ಕಂತಿನಲ್ಲಿ ಉಳಿದದ್ದನ್ನು ಕೇಂದ್ರ, ರಾಜ್ಯ ಎರಡೂ ಸೇರಿ ತುಂಬ್ತವೆ. ಇದು ನಡೆಯೋದು ಎಲ್ಲಿವರೆಗೆ? ಕೆಟ್ಟ ವರ್ಷ ಅನ್ನೋದು ಅಪರೂಪಕ್ಕೆ ಬರೋವರೆಗೆ. ಹತ್ತು ವರ್ಷದಲ್ಲಿ ಒಂದೆರಡು ಸಲ ಕೆಟ್ಟರೆ ಉಳಿದ ವರ್ಷಗಳ ದುಡ್ಡು ಅದನ್ನು ತೂಗಿಸುತ್ತೆ. ವರ್ಷ ಬಿಟ್ಟು ವರ್ಷ ಕೆಡೋಕೆ ಶುರುವಾದರೆ ಕಂತು ಏರ್ತಾ ಹೋಗುತ್ತೆ, ಸರ್ಕಾರಕ್ಕೂ ಭಾರ ಆಗುತ್ತೆ. ಕೊನೆಗೆ ವಿಮೆ ಮಾಡೋರೇ ಹಿಂದೆ ಸರೀತಾರೆ. ಕೆಡುಕು ಒಂದು ಮಟ್ಟಕ್ಕೆ ನಿಂತಿದ್ದರೆ ವಿಮೆ ಸಾಕು. ದಿನೇ ದಿನೇ ಏರುವ ಕೆಡುಕಿಗೆ ಅದು ಸಾಲೋದಿಲ್ಲ. ಏರ್ತಿದೆಯೋ ನಿಂತಿದೆಯೋ ಅಂತ ತಿಳಿಯೋದು ಹೇಗೆ? ಕಾರಣ ತಿಳಿದರೆ ಮಾತ್ರ. ಅದಕ್ಕೇ ಅರ್ಧ ಒಪ್ಪಿಗೆ ಅಂದದ್ದು.

ಮಾವ: ಅಲ್ಲೇ ನನಗೆ ಹೆದರಿಕೆ ತಂಗೀ. ನೀವೆಲ್ಲ ಕಾರಣ ಅಂದಕೂಡಲೇ ಹವಾಮಾನ ಅಂತೀರಿ. ಶಿರೂರಿನ ಸುದ್ದಿ ಮರೆತೆಯಾ? 2024ರ ಜುಲೈ 16. ಅಂಕೋಲೆಯ ಹತ್ತಿರ, ಹೆದ್ದಾರಿಯ ಮೇಲೆ ಗುಡ್ಡಕ್ಕೆ ಗುಡ್ಡವೇ ಕೂತುಬಿಟ್ಟಿತು. ರಸ್ತೆ ಬದಿ ಚಾ ಅಂಗಡಿ ಇಟ್ಟುಕೊಂಡಿದ್ದ ಸಂಸಾರವೇ ಹೋಯ್ತು. ಗಂಗಾವಳಿ ಹೊಳೆಗೆ ಬಿದ್ದ ಲಾರಿಯನ್ನು ಮೇಲೆತ್ತುವಾಗ ಸೆಪ್ಟೆಂಬರ್ ತಿಂಗಳ ಕೊನೆ ಬಂದಿತ್ತು. ಆಗ ಕೆಲವರು ಏನಂದರು? ಹವಾಮಾನ ಬದಲಾವಣೆ, ಅತಿವೃಷ್ಟಿ, ಪ್ರಕೃತಿ ವಿಕೋಪ. ನಾನು ಆ ದಾರಿಯಲ್ಲಿ ಎಷ್ಟೋ ಸಲ ಓಡಾಡಿದವ. ನಾಲ್ಕು ಪಥ ಮಾಡ್ತೇವೆ ಅಂತ ಗುಡ್ಡದ ಬುಡವನ್ನು ಗೋಡೆಯ ಹಾಗೆ ನೆಟ್ಟಗೆ ಕಡಿದು ನಿಲ್ಲಿಸಿದ್ದರು. ಮಣ್ಣು ಕೆಂಪಗೆ ಕಾಣ್ತಿತ್ತು, ಬೇರು ಹೊರಗೆ ನೇತಾಡ್ತಿತ್ತು. ಅದು ಬೀಳುತ್ತೆ ಅಂತ ಹೇಳೋಕೆ ವಿದ್ಯೆ ಬೇಡ. ಎಲ್ಲ ಹವಾಮಾನದ ತಲೆಗೆ ಕಟ್ಟಿಬಿಟ್ಟರೆ ಗುಡ್ಡ ಕಡಿದವನು, ಕಡಿಯೋಕೆ ಅಪ್ಪಣೆ ಕೊಟ್ಟವನು, ಇಬ್ಬರೂ ಪಾರು.

ಸೊಸೆ: ನೀವು ಈಗ ಮಾಡಿದ್ದೇನು ಮಾವ? ಕಾರಣ ಹುಡುಕಿದ್ದು. ಶಿರೂರಿನಲ್ಲಿ ಕಾರಣ ಬಿಟ್ಟುಬಿಡಿ ಅಂದರೆ ನೀವು ಒಪ್ಪೋದಿಲ್ಲ. ಒಪ್ಪಲೂಬಾರದು.

ಮಾವ: ಅದು ಕಣ್ಣಿಗೆ ಕಾಣೋ ಕಾರಣ.

ಸೊಸೆ: ಕಣ್ಣಿಗೆ ಕಾಣದ್ದನ್ನೂ ಅಷ್ಟೇ ಕಟ್ಟುನಿಟ್ಟಾಗಿ ಅಳೀಬಹುದು. ಅದೇ ತಿಂಗಳ 30ಕ್ಕೆ ವಯನಾಡಿನಲ್ಲಿ ಗುಡ್ಡ ಕುಸಿದು ಊರೇ ಕೊಚ್ಚಿಹೋಯ್ತಲ್ಲ, ಆ ದಿನದ ಮಳೆಯನ್ನು ಹಲವು ದೇಶಗಳ ವಿಜ್ಞಾನಿಗಳು ಸೇರಿ ಲೆಕ್ಕ ಹಾಕಿದರು. ಭೂಮಿ ಬಿಸಿಯಾಗದೇ ಇದ್ದಿದ್ದರೆ ಬೀಳ್ತಿದ್ದದ್ದಕ್ಕಿಂತ ಸುಮಾರು ನೂರಕ್ಕೆ 10 ಪಾಲು ಜಾಸ್ತಿ ಬಿತ್ತು ಅಂತ ಅವರ ಅಂದಾಜು. ಹತ್ತು ಪಾಲು ಮಾತ್ರ ಅಂದರು ನೋಡಿ, ನೂರಕ್ಕೆ ನೂರೂ ಹವಾಮಾನದ್ದೇ ಅನ್ನಲಿಲ್ಲ. ಆ ಇಳಿಜಾರಿನ ಸ್ಥಿತಿ, ಕಡಿದ ಕಾಡು, ಕಲ್ಲುಗಣಿ ಇವುಗಳ ಮಾತು ಹಾಗೇ ಉಳಿಯುತ್ತೆ. ಕಾರಣ ಸರಿಯಾಗಿ ಬಿಡಿಸಿ ಹೇಳೋದು ಅಂದರೆ ಇದು. ಯಾರ ಪಾಲು ಎಷ್ಟು ಅಂತ ಲೆಕ್ಕ ಸಿಕ್ಕರೆ ಯಾರೂ ಪಾರಾಗೋಕೆ ಆಗೋದಿಲ್ಲ. ಗುಡ್ಡ ಕಡಿದವನ ತಪ್ಪು ಅವನಿಗೆ, ಹೊಗೆ ಬಿಟ್ಟವನದು ಅವನಿಗೆ.

ಮಾವ: ಕಳಚೆಯಲ್ಲಿ ಹೆದ್ದಾರಿ ಇರಲಿಲ್ಲವಲ್ಲ. 2021ರ ಜುಲೈನಲ್ಲಿ ಯಲ್ಲಾಪುರ ತಾಲ್ಲೂಕಿನ ಆ ಊರಲ್ಲಿ ತೋಟ ಸಮೇತ ಗುಡ್ಡ ಜಾರಿತು. ತಲೆತಲಾಂತರದಿಂದ ಅಡಿಕೆ ಬೆಳೀತಿದ್ದ ಜಾಗ. ಅದು ನನ್ನನ್ನೂ ಕಾಡುತ್ತೆ, ನಿಜ.

ಸೊಸೆ: ನಿಮ್ಮ ಕೊಟ್ಟೆಯ ಕಥೆಗೂ ಇನ್ನೊಂದು ಅರ್ಧ ಇದೆ, ಅದನ್ನು ನೀವು ಬಿಟ್ಟಿರಿ. ಕೊಟ್ಟೆ ಕಟ್ಟಿಯೂ ಬೆಳೆ ಹೋಗ್ತಿತ್ತಲ್ಲವೇ? ಗಾಳಿಗೆ ಹಾರಿ ಹೋಗೋದು, ಕಟ್ಟೋ ಆಳು ಸಿಗದೇ ಇರೋದು, ಜಾರಿ ಬಿದ್ದು ಸತ್ತವರು... 1908ರಲ್ಲಿ ಕೆನಡಾದ ಲೆಸ್ಲಿ ಕೋಲ್ಮನ್ ಮೈಸೂರು ಸರ್ಕಾರದ ಶಿಲೀಂಧ್ರ ತಜ್ಞರಾಗಿ ಬಂದರು. ಆಗ ಮಲೆನಾಡಿನ ಬೆಳೆಗಾರರ ದೊಡ್ಡ ಗೋಳು ಕೊಳೆರೋಗ. ಅವರು ಕೊಳೆತ ಕಾಯಿ ತಂದು ಪರೀಕ್ಷೆ ಮಾಡಿದರು. ನೀರು ನಿಂತದ್ದಕ್ಕೆ ಸುಮ್ಮನೆ ಕೊಳೆಯೋದಲ್ಲ ಇದು, ಒಂದು ಜೀವಿ ಬೆಳೆದು ಕೊಳೆಯಿಸ್ತಿದೆ, ಅದರ ಬೀಜಕಣಗಳು ಮಳೆಯ ನೀರಲ್ಲೇ ಕೊನೆಯಿಂದ ಕೊನೆಗೆ ಹೋಗ್ತವೆ ಅಂತ ಕಂಡುಕೊಂಡರು. 1910ರಲ್ಲಿ ಅದರ ವರದಿ ಬಂತು. ಜೀವಿ ಅಂತ ಗೊತ್ತಾದ ಮೇಲೆ ಔಷಧಿ ಯೋಚಿಸೋಕೆ ದಾರಿಯಾಯ್ತು. ಫ್ರಾನ್ಸಿನ ಬೋರ್ಡೋದಲ್ಲಿ 1885ರ ಹೊತ್ತಿಗೆ ದ್ರಾಕ್ಷಿ ಬಳ್ಳಿಗೆ ಹೊಡೀತಿದ್ದ ಮೈಲುತುತ್ತ, ಸುಣ್ಣದ ಮಿಶ್ರಣ ಅಡಿಕೆ ಮರ ಹತ್ತಿದ್ದು ಹೀಗೆ. ಆಗ ನಮ್ಮ ಶಿರಸಿ ಮುಂಬಯಿ ಪ್ರಾಂತ್ಯದಲ್ಲಿತ್ತು, ಆದರೂ ಆ ಮದ್ದು ಗಡಿ ದಾಟಿ ಬಂತು. ಇವತ್ತು ನೀವು ಹೊಳವು ಕಾಯ್ತಾ ಕೂತಿರೋದು ಅದೇ ಮದ್ದು ಹೊಡೆಯೋಕೆ.

ಮಾವ: ಅದೇ ಮದ್ದು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕದಡಿ ಆಮೇಲೆ ಕೂಡಿಸಬೇಕು. ಕೂಡಿಸಿದ ಮೇಲೆ ಕತ್ತಿಯ ಅಲಗು ಅದ್ದಿ ನೋಡ್ತೇವೆ. ಅಲಗಿಗೆ ಕೆಂಪು ಬಣ್ಣ ಹತ್ತಿದರೆ ತುತ್ತ ಜಾಸ್ತಿಯಾಯ್ತು ಅಂತ ಲೆಕ್ಕ, ಹಾಗೇ ಹೊಡೆದರೆ ಸಿಂಗಾರ, ಕಾಯಿ ಎಲ್ಲ ಸುಟ್ಟುಹೋಗುತ್ತೆ. ಇನ್ನಷ್ಟು ಸುಣ್ಣದ ನೀರು ಹಾಕಿ ಮತ್ತೆ ಅದ್ದಿ ನೋಡಬೇಕು. ಅಲಗು ಬಿಳೀ ಉಳಿದರೆ ಮದ್ದು ಹದಕ್ಕೆ ಬಂತು. ಮಳೆಗೆ ತೊಳೆದುಹೋಗದ ಹಾಗೆ ರಾಳ ಬೇರೆ ಸೇರಿಸ್ತೇವೆ.

ಸೊಸೆ: ನೋಡಿ, ಪರೀಕ್ಷೆ ಮಾಡದೆ ನೀವು ಒಂದು ಹನಿಯನ್ನೂ ಮರಕ್ಕೆ ಹಾಕೋದಿಲ್ಲ. ಅಜ್ಜಂದಿರು ಕಾರಣ ಗೊತ್ತಿಲ್ಲದೇ ಕೊಟ್ಟೆ ಕಟ್ಟಿದ್ದು ದೊಡ್ಡದು, ಅದಿಲ್ಲದಿದ್ದರೆ ತೋಟವೇ ಉಳೀತಿರಲಿಲ್ಲ. ಆದರೆ ಅಲ್ಲಿಗೇ ನಿಂತಿದ್ದರೆ ಇವತ್ತಿಗೂ ಕೊಟ್ಟೆಯೇ ಗತಿಯಾಗ್ತಿತ್ತು.

ಮಾವ: ಸರಿ. ಕೋಲ್ಮನ್ ಸಾಹೇಬರ ಕೈಲಿ ಕೊಳೆತ ಕಾಯಿ ಇತ್ತು. ಹವಾಮಾನ ಕೆಟ್ಟದ್ದು ಮನುಷ್ಯನಿಂದ ಅನ್ನೋರ ಕೈಲಿ ಏನಿದೆ? ಭೂಮಿ ಹಿಂದೆಯೂ ಬಿಸಿಯಾಗಿತ್ತು, ತಣ್ಣಗೂ ಆಗಿತ್ತು. ಆಗ ಯಾವ ಕಾರ್ಖಾನೆ ಇತ್ತು?

ಸೊಸೆ: ಒಳ್ಳೇ ಪ್ರಶ್ನೆ, ನನ್ನ ವಿದ್ಯಾರ್ಥಿಗಳೂ ಕೇಳ್ತಾರೆ. ಹಿಂದೆ ಹಿಮಯುಗ ಮುಗಿದು ಭೂಮಿ ಸುಮಾರು 5 ಡಿಗ್ರಿ ಬಿಸಿಯಾಗೋಕೆ ಸಾವಿರಾರು ವರ್ಷ ಹಿಡೀತು. ಸೂರ್ಯನ ಸುತ್ತ ಭೂಮಿ ತಿರುಗೋ ದಾರಿಯಲ್ಲಿ, ಅದರ ಓಲುವಿಕೆಯಲ್ಲಿ ನಿಧಾನವಾಗಿ ಆಗುವ ಬದಲಾವಣೆ ಅದನ್ನು ಶುರುಮಾಡಿತ್ತು. ಈಗ ಆ ಲೆಕ್ಕ ಹಿಡಿದರೆ ಭೂಮಿ ಮೆಲ್ಲಗೆ ತಂಪಾಗ್ತಿರಬೇಕಿತ್ತು. ಆದರೆ ನೂರೈವತ್ತು ವರ್ಷದಲ್ಲಿ ಒಂದು ಡಿಗ್ರಿಗಿಂತ ಜಾಸ್ತಿ ಏರಿದೆ. 2024ನೇ ಇಸವಿಯೊಂದನ್ನೇ ನೋಡಿದರೆ ಕಾರ್ಖಾನೆ ಯುಗಕ್ಕೆ ಮುಂಚಿನದಕ್ಕಿಂತ ಸುಮಾರು 1.55 ಡಿಗ್ರಿ ಹೆಚ್ಚು ಅಂತ ವಿಶ್ವ ಹವಾಮಾನ ಸಂಸ್ಥೆ ಹೇಳಿತು. ಇನ್ನು ಸೂರ್ಯ. 1978ರಿಂದ ಉಪಗ್ರಹಗಳು ಅವನ ಶಾಖವನ್ನು ಬಿಡದೆ ಅಳೀತಾ ಇವೆ. ಹನ್ನೊಂದು ವರ್ಷಕ್ಕೊಮ್ಮೆ ಸ್ವಲ್ಪ ಏರಿಳಿತ ಬಿಟ್ಟರೆ ಏರಿಕೆ ಇಲ್ಲ. ಇನ್ನೂ ಒಂದು ಮಾತು. ಸೂರ್ಯನೇ ಕಾರಣವಾಗಿದ್ದರೆ ವಾತಾವರಣದ ಕೆಳಗಿನ ಪದರ, ಮೇಲಿನ ಪದರ ಎರಡೂ ಬಿಸಿಯಾಗಬೇಕಿತ್ತು. ಇಂಗಾಲದ ಡೈ ಆಕ್ಸೈಡ್ ಕಾರಣವಾದರೆ ಕೆಳಗೆ ಬಿಸಿ, ಮೇಲೆ ತಂಪು ಆಗಬೇಕು. 1967ರಲ್ಲೇ ಸ್ಯುಕುರೊ ಮನಬೆ ಮತ್ತು ಅವರ ಜೊತೆಗಾರರು ಗಣಿತ ಮಾಡಿ ಹಾಗೆ ಆಗುತ್ತೆ ಅಂದಿದ್ದರು. ಆಮೇಲೆ ಅಳೆದು ನೋಡಿದರೆ ಹಾಗೇ ಆಗಿದೆ. ಮನಬೆಗೆ 2021ರಲ್ಲಿ ನೊಬೆಲ್ ಬಂತು.

ಮಾವ: ಇಂಗಾಲ ಗಾಳಿಯಲ್ಲಿ ಮೊದಲಿಂದಲೂ ಇದೆಯಲ್ಲ. ಬೆಂಕಿ ಗುಡ್ಡ ಉಗುಳುತ್ತೆ, ಸಮುದ್ರ ಬಿಡುತ್ತೆ, ನಮ್ಮ ಬಚ್ಚಲೊಲೆಯಿಂದಲೂ ಹೋಗುತ್ತೆ. ಹೆಚ್ಚಾದದ್ದು ಕಲ್ಲಿದ್ದಲಿನದೇ ಅಂತ ಹೇಗೆ ಗೊತ್ತು? ಗಾಳಿಯ ಮೇಲೆ ಹೆಸರು ಬರೆದಿರುತ್ತಾ?

ಸೊಸೆ: ಬರೆದಿದೆ ಮಾವ. ಅದು ಓದೋಕೆ ಬರುತ್ತೆ ಅನ್ನೋದೇ ನನಗೆ ಈ ವಿಜ್ಞಾನದಲ್ಲಿ ಎಲ್ಲಕ್ಕಿಂತ ಹಿಡಿಸಿದ ಸಂಗತಿ. ನಿಮ್ಮ ಬಚ್ಚಲೊಲೆಗೆ ಹಾಕೋ ಸೌದೆ ಮೊನ್ನೆ ಮೊನ್ನೆ ಬದುಕಿದ್ದ ಮರದ್ದು. ಬದುಕಿರೋದರಲ್ಲೆಲ್ಲ ಇಂಗಾಲ-14 ಅನ್ನೋ ಒಂದು ಬಗೆಯ ಇಂಗಾಲ ಅತ್ಯಲ್ಪ ಇರುತ್ತೆ. ಸತ್ತ ಮೇಲೆ ಅದು ಕರಗ್ತಾ ಹೋಗುತ್ತೆ, 5,730 ವರ್ಷಕ್ಕೆ ಅರ್ಧ. ಕಲ್ಲಿದ್ದಲು, ಎಣ್ಣೆ ಕೋಟ್ಯಂತರ ವರ್ಷ ಹಿಂದೆ ಹೂತುಹೋದವು, ಅವುಗಳಲ್ಲಿ ಇಂಗಾಲ-14 ಒಂದಿಷ್ಟೂ ಉಳಿದಿಲ್ಲ. ಹಾಗಾದರೆ ಕಲ್ಲಿದ್ದಲು ಸುಟ್ಟಷ್ಟೂ ಗಾಳಿಯ ಇಂಗಾಲದಲ್ಲಿ ಈ ಬಗೆಯ ಪಾಲು ತೆಳುವಾಗಬೇಕು. ಹ್ಯಾನ್ಸ್ ಸ್ಯುಯೆಸ್ ಅನ್ನೋ ವಿಜ್ಞಾನಿ 1955ರಲ್ಲಿ ಮರದ ಉಂಗುರಗಳನ್ನು ಪರೀಕ್ಷಿಸಿ ಅದು ತೆಳುವಾಗಿದೆ ಅಂತ ತೋರಿಸಿಕೊಟ್ಟರು. ಇನ್ನೊಂದು ಸಾಕ್ಷಿ ಆಮ್ಲಜನಕದ್ದು. ಸಮುದ್ರದಿಂದಲೋ ಬೆಂಕಿ ಗುಡ್ಡದಿಂದಲೋ ಇಂಗಾಲ ಬಂದಿದ್ದರೆ ಗಾಳಿಯ ಆಮ್ಲಜನಕ ಕಡಿಮೆಯಾಗಬೇಕಿರಲಿಲ್ಲ. ಏನನ್ನಾದರೂ ಸುಟ್ಟರೆ ಅದು ಖರ್ಚಾಗುತ್ತೆ. ಉಸಿರಾಟಕ್ಕೆ ತೊಂದರೆ ಆಗದಷ್ಟು ಸಣ್ಣ ಪ್ರಮಾಣದಲ್ಲಿ, ಆದರೆ ಯಂತ್ರ ಅಳೆಯುವಷ್ಟು, ಅದೂ ಕಡಿಮೆಯಾಗ್ತಾ ಇದೆ. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಹಿಂದೆ 280 ಇದ್ದ ಇಂಗಾಲದ ಡೈ ಆಕ್ಸೈಡ್ 1958ರಲ್ಲಿ ಚಾರ್ಲ್ಸ್ ಕೀಲಿಂಗ್ ಹವಾಯಿಯ ಪರ್ವತದ ಮೇಲೆ ಅಳೆಯೋಕೆ ಹೊರಟಾಗ 315ರ ಹತ್ತಿರ ಇತ್ತು. ಈಗ 420 ದಾಟಿದೆ. ಅಂಟಾರ್ಟಿಕಾದ ಹಿಮದೊಳಗೆ ಸಿಕ್ಕಿಕೊಂಡ ಹಳೇ ಗಾಳಿಯನ್ನು ತೆಗೆದು ನೋಡಿದ್ದಾರೆ. ಎಂಟು ಲಕ್ಷ ವರ್ಷದಲ್ಲಿ ಅದು ಒಮ್ಮೆಯೂ ಇಷ್ಟು ಏರಿದ್ದಿಲ್ಲ.

ಮಾವ: ...ಸೌದೆಗೂ ಕಲ್ಲಿದ್ದಲಿಗೂ ಹೀಗೆ ವ್ಯತ್ಯಾಸ ಸಿಗುತ್ತೆ ಅಂತ ನನಗೆ ಯಾರೂ ಹೇಳಿರಲಿಲ್ಲ.

ಸೊಸೆ: ಟಿ.ವಿ.ಯವರು ಹೇಳಬೇಕಿತ್ತು. ಅವರು ಇಬ್ಬರನ್ನು ಎದುರು ಬದುರು ಕೂರಿಸಿ, ಇಬ್ಬರದೂ ಸಮ ತೂಕದ ಮಾತು ಅನ್ನೋ ಹಾಗೆ ತೋರಿಸ್ತಾರೆ. ನನಗೆ ಅದರ ಮೇಲೆ ಸಿಟ್ಟು.

ಮಾವ: ಆದರೂ ಒಂದು ಕೇಳ್ತೀನಿ. ಕಾರಣ ಗೊತ್ತಾಗಿ ನನ್ನ ತೋಟಕ್ಕೆ ಏನು ಬಂತು? ಶಿರಸಿಯ ನಾವು ಸ್ಕೂಟರ್ ಬಿಟ್ಟು ನಡೆದರೆ ಆಶ್ಲೇಷಾ ಮಳೆ ಹೊಳವಾಗುತ್ತಾ?

ಸೊಸೆ: ಆಗೋದಿಲ್ಲ. ನಾನು ಸುಳ್ಳು ಆಸೆ ಹುಟ್ಟಿಸೋದಿಲ್ಲ. ಆದರೆ ಮುಂದೆ ಮಳೆ ಹೇಗಿರುತ್ತೆ ಅಂತ ಹೇಳೋಕೆ ಕಾರಣವೇ ಬೇಕು. ಕೇಂದ್ರ ಸರ್ಕಾರದ ಭೂವಿಜ್ಞಾನ ಸಚಿವಾಲಯ 2020ರಲ್ಲಿ ಒಂದು ದೊಡ್ಡ ವರದಿ ತಂದಿತು. 1951ರಿಂದ 2015ರವರೆಗೆ ದೇಶದ ಮುಂಗಾರು ಮಳೆ ನೂರಕ್ಕೆ ಸುಮಾರು 6 ಪಾಲು ಕಡಿಮೆಯಾಯ್ತು, ಗಂಗಾ ಬಯಲಿನಲ್ಲೂ ನಮ್ಮ ಪಶ್ಚಿಮ ಘಟ್ಟದಲ್ಲೂ ಅದು ಎದ್ದು ಕಾಣುತ್ತೆ ಅಂತ ಅದರಲ್ಲಿದೆ. ಕೇಳಿದವರು ಏನಂತಾರೆ? ಬಿಸಿಯಾದರೆ ಮಳೆ ಜಾಸ್ತಿ ಅಂದಿರಿ, ಕಡಿಮೆಯಾಗಿದೆಯಲ್ಲ, ನಿಮ್ಮ ಲೆಕ್ಕವೇ ತಪ್ಪು. ಒಳಗೆ ಹೋಗಿ ನೋಡಿದರೆ ಎರಡು ಬೇರೆ ಬೇರೆ ಕೈಗಳು ಕೆಲಸ ಮಾಡ್ತಿವೆ. ಹೊಗೆಯಲ್ಲಿ ಇಂಗಾಲದ ಅನಿಲದ ಜೊತೆಗೆ ಮಸಿ, ಗಂಧಕದ ಸಣ್ಣ ಸಣ್ಣ ಕಣಗಳೂ ಇರ್ತವೆ. ಅವು ಬಿಸಿಲನ್ನು ತಡೆದು ನೆಲ ಕಾಯದಂತೆ ಮಾಡಿ ಮುಂಗಾರಿನ ಜೋರು ಕುಗ್ಗಿಸ್ತವೆ. ಅನಿಲ ಮಾತ್ರ ಸಮುದ್ರವನ್ನು ಕಾಯಿಸಿ ಗಾಳಿಗೆ ತೇವ ತುಂಬುತ್ತೆ, ಒಂದು ಡಿಗ್ರಿ ಏರಿದರೆ ಗಾಳಿ ನೂರಕ್ಕೆ 7 ಪಾಲು ಹೆಚ್ಚು ತೇವ ಹಿಡಿಯಬಲ್ಲದು. ಹಾಗಾಗಿ ಒಟ್ಟು ಮಳೆ ಇಳಿದರೂ ಬಂದಾಗ ಒಮ್ಮೆಲೇ ಸುರಿಯುತ್ತೆ. ಪುಣೆಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು 2017ರಲ್ಲಿ ಲೆಕ್ಕ ಕೊಟ್ಟರು. ಮಧ್ಯ ಭಾರತದ ಪಟ್ಟಿಯಲ್ಲಿ ಅಗಲಕ್ಕೆ ಹಬ್ಬಿ ಸುರಿಯುವ ಅತಿ ಮಳೆಯ ಘಟನೆಗಳು 1950ರಿಂದ 2015ರೊಳಗೆ ಮೂರು ಪಟ್ಟಾಗಿವೆ ಅಂತ.

ಮಾವ: ಅದರಿಂದ ನನಗೇನು ತಿಳೀಬೇಕು?

ಸೊಸೆ: ಮಸಿಯ ಕಣಗಳು ಮಳೆಗೆ ತೊಳೆದು ಕೆಲವೇ ದಿನ, ವಾರಗಳಲ್ಲಿ ನೆಲಕ್ಕೆ ಬೀಳ್ತವೆ. ಅನಿಲದ ಒಂದು ದೊಡ್ಡ ಪಾಲು ನೂರಾರು ವರ್ಷ ಮೇಲೆಯೇ ಇರುತ್ತೆ. ನಾಳೆ ಊರುಗಳ ಗಾಳಿ ಸ್ವಚ್ಛ ಮಾಡಿದೆವು ಅಂತಿಟ್ಟುಕೊಳ್ಳಿ, ಮಾಡಲೇಬೇಕು, ಜನ ಕೆಮ್ಮಿ ಸಾಯ್ತಿದ್ದಾರೆ. ಆಗ ಕಣಗಳ ತಡೆ ಹೋಗಿ ಮುಂಗಾರು ಇನ್ನೂ ಬಲವಾಗಬಹುದು. ಕಾರಣ ಬೇಡ ಅಂದವನು ಹಳೇ ಮಳೆಯ ಲೆಕ್ಕ ನೋಡಿಕೊಂಡು ಕಾಲುವೆ ಸಣ್ಣದು ಮಾಡ್ತಾನೆ. ಕಾರಣ ಬಲ್ಲವನು ದೊಡ್ಡದು ಮಾಡ್ತಾನೆ. ನಿಮ್ಮ ಕೊಟ್ಟೆ ಎಷ್ಟು ದೊಡ್ಡದಿರಬೇಕು ಅನ್ನೋದಕ್ಕೂ ಕಾರಣ ಬೇಕಾಯ್ತಲ್ಲ.

ಮಾವ: ಸರಿ, ಮನುಷ್ಯನೇ ಅಂತ ಒಪ್ಪಿದೆ ಅಂತಿಟ್ಟುಕೋ. ಯಾವ ಮನುಷ್ಯ? ಕೆಳಗಿನ ಕೇರಿಯ ಕೂಲಿಯವನು, ಎರಡು ಎಕರೆ ತೋಟದ ನಾನು, ವಿಮಾನದಲ್ಲೇ ಓಡಾಡೋ ದೊಡ್ಡ ಮನುಷ್ಯ, ಎಲ್ಲ ಸೇರಿ ಮನುಷ್ಯ ಅಂದುಬಿಡ್ತೀರಿ. ನನಗೆ ಈ ಸುದ್ದಿಯೇ ಬೇಡ ಅನ್ನಿಸೋದು ಅದಕ್ಕೇ. ತಪ್ಪಿನಲ್ಲಿ ಸಮಪಾಲು, ಸುಖದಲ್ಲಿ ಇಲ್ಲ.

ಸೊಸೆ: ಈ ಮಾತಿಗಾಗಿಯೇ ನಾನು ಕಾಯ್ತಿದ್ದೆ. ಲೆಕ್ಕ ಇದೆ, ಕೇಳಿ. ವರ್ಷಕ್ಕೆ ತಲಾ ಇಂಗಾಲದ ಡೈ ಆಕ್ಸೈಡ್ ಭಾರತದಲ್ಲಿ ಸುಮಾರು 2 ಟನ್, ಅಮೆರಿಕದಲ್ಲಿ 14ರ ಆಸುಪಾಸು. ಕಾರ್ಖಾನೆ ಯುಗ ಶುರುವಾದಾಗಿನಿಂದ ಸುಟ್ಟದ್ದನ್ನೆಲ್ಲ ಕೂಡಿಸಿದರೆ ಅಮೆರಿಕವೊಂದರದೇ ನಾಲ್ಕನೇ ಒಂದು ಪಾಲಿನ ಹತ್ತಿರ, ಭಾರತದ್ದು ನೂರಕ್ಕೆ ಮೂರರಷ್ಟು. ಈ ಲೆಕ್ಕ ಬಂದದ್ದು ಎಲ್ಲಿಂದ? ಕಾರಣ ಕಲ್ಲಿದ್ದಲು, ಎಣ್ಣೆ ಅಂತ ಗೊತ್ತಾದ್ದರಿಂದ. ಯಾರ ಗಣಿಯಿಂದ ಎಷ್ಟು ತೆಗೆದರು, ಯಾರು ಎಷ್ಟು ಸುಟ್ಟರು ಅನ್ನೋದಕ್ಕೆ ದಾಖಲೆ ಇದೆ. ಈಗ ಹೇಳಿ, ‘ಕಾರಣ ಏನೇ ಇರಲಿ, ಎಲ್ಲರೂ ಸೇರಿ ದುಡಿಯೋಣ’ ಅಂದರೆ ಯಾರಿಗೆ ಖುಷಿ? ಹೆಚ್ಚು ಸುಟ್ಟವನಿಗೆ. 2022ರಲ್ಲಿ ಈಜಿಪ್ಟಿನ ಶರ್ಮ್ ಎಲ್ ಶೇಖ್‌ನಲ್ಲಿ ನಡೆದ ಸಮ್ಮೇಳನದಲ್ಲಿ ಬಡ ದೇಶಗಳು ಹಟ ಹಿಡಿದು ನಷ್ಟ ಪರಿಹಾರ ನಿಧಿಯೊಂದನ್ನು ಒಪ್ಪಿಸಿದವು. ಮುಂದಿನ ವರ್ಷ ದುಬೈಯಲ್ಲಿ ಅದು ಶುರುವೂ ಆಯ್ತು. ಅದಕ್ಕೆ ಬಂದ ದುಡ್ಡು ಇನ್ನೂ ಎಲ್ಲಿಗೂ ಸಾಲದು. ಆದರೂ ಕೇಳೋ ಹಕ್ಕು ಇದೆ. ಕಾರಣ ಬಿಟ್ಟುಕೊಟ್ಟರೆ ಆ ಹಕ್ಕು ಹೋಗುತ್ತೆ, ಅವರು ಕೊಟ್ಟರೆ ದಾನ, ಕೊಡದಿದ್ದರೆ ಇಲ್ಲ.

ಮಾವ: ಈ ಕಡೆಯಿಂದ ನಾನು ನೋಡಿರಲಿಲ್ಲ.

ಸೊಸೆ: ನೋಡಿದ್ದೀರಿ ಮಾವ, ಬೇರೆ ವಿಷಯದಲ್ಲಿ. 1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿ ಕಡೆಯ ಜನ ಕಾಡಿಗೆ ಹೋಗಿ ಮರ ಅಪ್ಪಿಕೊಂಡರಲ್ಲ, ಆಗ ನೀವೂ ಹುಡುಗರು. ಅಬ್ಬಿ ನೀರು ಬತ್ತಿತು, ಸೊಪ್ಪು ಸಿಗಲಿಲ್ಲ ಅಂತ ಮನೆಯಲ್ಲೇ ಕೂತು ಕೊಟ್ಟೆ ಹೆಣೆಯಬಹುದಿತ್ತು ಅವರು. ಹಾಗೆ ಮಾಡಲಿಲ್ಲ. ನೀರು ಬತ್ತೋದಕ್ಕೆ ಕಾರಣ ಕಾಡು ಕಡಿಯೋದು, ಕೊಡಲಿ ಹಿಡಿದವರು ಇಂಥವರು, ಅಪ್ಪಣೆ ಕೊಟ್ಟದ್ದು ಇಂಥ ಇಲಾಖೆ ಅಂತ ಖಚಿತವಾಗಿ ಗೊತ್ತಿದ್ದಕ್ಕೇ ನೇರ ಕೊಡಲಿಯ ಬಾಯಿಗೆ ಹೋಗಿ ನಿಂತರು.

ಮಾವ: ಅಪ್ಪಿಕೋ ಚಳವಳಿಯ ಸುದ್ದಿ ಎತ್ತಿ ನನ್ನ ಬಾಯಿ ಕಟ್ಟಿದೆ. ಆದರೆ ಅದೇ ಅಪ್ಪಿಕೋ ಊರಿನವನಾಗಿ ನನ್ನದೊಂದು ತಕರಾರು ಉಳಿದಿದೆ. ನಿಮ್ಮ ಕಾರಣವನ್ನೇ ಹಿಡಿದುಕೊಂಡು ನಮ್ಮ ಮೇಲೆ ಮತ್ತೆ ಕೊಡಲಿ ಬರ್ತಿದೆ. ಶರಾವತಿ ಕಣಿವೆಯಲ್ಲಿ ತಳಕಳಲೆಯಿಂದ ಗೇರುಸೊಪ್ಪೆಗೆ ನೀರು ಬಿಡೋದು, ಮತ್ತೆ ಮೇಲೆ ಹತ್ತಿಸೋದು, 2,000 ಮೆಗಾವಾಟ್ ಯೋಜನೆ. ಸಿಂಗಳೀಕಗಳ ಅಭಯಾರಣ್ಯದೊಳಗೇ ಸುರಂಗ, ರಸ್ತೆ. ಯಾಕೆ ಅಂದರೆ ಹಸಿರು ಇಂಧನ, ಹವಾಮಾನಕ್ಕೆ ಒಳ್ಳೇದು. ಈ ಜಿಲ್ಲೆ ಸೂಪಾ ಅಣೆಕಟ್ಟಿಗೆ ಊರು ಮುಳುಗಿಸಿಕೊಂಡಿದೆ, ಕೈಗಾ ಅಣುಸ್ಥಾವರಕ್ಕೆ ಜಾಗ ಕೊಟ್ಟಿದೆ, ನೌಕಾನೆಲೆಗೆ ಕಡಲತೀರ ಬಿಟ್ಟುಕೊಟ್ಟಿದೆ. ಇನ್ನೂ ಎಷ್ಟು?

ಸೊಸೆ: ಈ ತಕರಾರಿಗೆ ನನ್ನ ಹತ್ತಿರ ಚೊಕ್ಕ ಉತ್ತರ ಇಲ್ಲ. ಬಿಸಿಲು ರಾತ್ರಿ ಸಿಗೋದಿಲ್ಲ, ಹಗಲಿನ ವಿದ್ಯುತ್ತನ್ನು ಎಲ್ಲಾದರೂ ಕೂಡಿಡಬೇಕು, ಅದು ನಿಜ. ಹಾಗಂತ ಮಳೆಯನ್ನು ಹಿಡಿದಿಡೋ ಕಾಡನ್ನೇ ಕಡಿದು ಹವಾಮಾನ ಉಳಿಸ್ತೇವೆ ಅನ್ನೋದು ನನಗೆ ಒಪ್ಪಿಗೆ ಇಲ್ಲ. ಜಾಗದ ವಿಷಯದಲ್ಲಿ ಪಾವಗಡದ ಸೌರ ವಿದ್ಯುತ್ ಯೋಜನೆಯವರು ಬೇರೆ ದಾರಿ ಹಿಡಿದರು. ಬರ ಬಿದ್ದ ಐದು ಹಳ್ಳಿಗಳ ಸುಮಾರು 13,000 ಎಕರೆ ಜಮೀನು, ರೈತರ ಕೈಯಿಂದ ಖರೀದಿ ಮಾಡಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದರು. 2,050 ಮೆಗಾವಾಟ್ ಸಾಮರ್ಥ್ಯ ಅಲ್ಲಿದೆ. ಅಲ್ಲೂ ಕುರಿ ಮೇಯಿಸೋರಿಗೆ, ಭೂಮಿಯೇ ಇಲ್ಲದ ಕೂಲಿಯವರಿಗೆ ನಷ್ಟ ಆಗಿದೆ, ಅದನ್ನು ಮುಚ್ಚಿಡಬಾರದು. ಆದರೆ ಜಮೀನು ರೈತನ ಹೆಸರಲ್ಲೇ ಇದೆ. ಕಾರಣ ಗೊತ್ತಾಯ್ತು ಅಂದಮಾತ್ರಕ್ಕೆ ಅದರ ಹೆಸರಲ್ಲಿ ಯಾರು ಏನು ಮಾಡಿದರೂ ಸರಿ ಅಂತಾಗೋದಿಲ್ಲ. ಯಾವ ಯೋಜನೆಯನ್ನಾದರೂ ಊರಿನವರ ಮುಂದಿಟ್ಟು ಕೇಳಬೇಕು.

ಮಾವ: ಹಾಗಿದ್ದರೆ ಒಂದು ಕೆಲಸ ಮಾಡು. ಬರುವ ತಿಂಗಳು ಗ್ರಾಮಸಭೆ ಇದೆ. ಪ್ರತಿಸಲವೂ ಅತಿವೃಷ್ಟಿ ಪರಿಹಾರ ಕೊಡಿ ಅಂತ ಒಂದೇ ಸಾಲು ಬರೆದು ಕಳಿಸ್ತೇವೆ. ಈ ಸಲ ಬೇರೆ ಬರೆಯೋಣ. ಮೊದಲನೇದು, ಪಂಚಾಯ್ತಿಯ ಮಳೆಮಾಪಕ ಸರಿಮಾಡಿಸಿ, ದಿನದ ಅಳತೆ ಎಲ್ಲರಿಗೂ ಕಾಣೋ ಹಾಗೆ ಬೋರ್ಡಿಗೆ ಹಾಕಬೇಕು. ಎರಡನೇದು, ಇಳಿಜಾರಿನಲ್ಲಿ ಜೆಸಿಬಿ ಇಳಿಸಬೇಕಾದರೆ ಭೂವಿಜ್ಞಾನದವರು ಬಂದು ನೋಡಿ ಹೇಳಬೇಕು, ರಸ್ತೆಗಾದರೂ ಸರಿ, ನಮ್ಮದೇ ತೋಟಕ್ಕಾದರೂ ಸರಿ. ನಮ್ಮವರೂ ಮನಸ್ಸಿಗೆ ಬಂದಹಾಗೆ ಗುಡ್ಡ ಕೆರೆದು ತೋಟ ಏರಿಸಿದ್ದಾರೆ, ಅದನ್ನೂ ಬರಿ. ಮೂರನೇದು ಬೆಟ್ಟಕ್ಕೆ ಗಿಡ. ಇಷ್ಟಕ್ಕೆ ಯಾರೂ ಕಾರಣ ಕೇಳೋದಿಲ್ಲ, ಕೈ ಎತ್ತುತ್ತಾರೆ.

ಸೊಸೆ: ನಾಲ್ಕನೇದು?

ಮಾವ: ನಾಲ್ಕನೇದು ನೀನು ಹೇಳಿದ್ದು. ಕಲ್ಲಿದ್ದಲು, ಎಣ್ಣೆ ಸುಟ್ಟದ್ದರಿಂದ ಮಳೆ ಹೀಗಾಗಿದೆ, ಹೆಚ್ಚು ಸುಟ್ಟವರು ಹೆಚ್ಚು ಕೊಡಬೇಕು, ಸುಡೋದನ್ನು ಮೊದಲು ಅವರು ನಿಲ್ಲಿಸಬೇಕು, ನಮ್ಮ ಸರ್ಕಾರವೂ ಕಾಡು ಕಡಿಯದ ದಾರಿ ಹುಡುಕಬೇಕು ಅಂತ. ಇದಕ್ಕೆ ಜಗಳ ಆಗುತ್ತೆ. ಆಗಲಿ. ಸೌದೆಗೂ ಕಲ್ಲಿದ್ದಲಿಗೂ ಇರೋ ವ್ಯತ್ಯಾಸ ನನಗೆ ಹೇಳಿದೆಯಲ್ಲ, ಅದನ್ನೇ ಸಭೆಯಲ್ಲಿ ನಿಂತು ಹೇಳಬೇಕು. ಕಾಲೇಜಿಗೆ ರಜೆ ಹಾಕಿಯಾದರೂ ಬಾ. ನಾನು ಹೇಳಿದರೆ ಕೇಳ್ತಾರೆ, ಆದರೆ ಪ್ರಶ್ನೆ ಹಾಕಿದರೆ ಉತ್ತರ ಕೊಡೋಕೆ ನೀನು ಬೇಕು.